ಗಣಕದ ದೋಷ ಸಂದೇಶ ಕಾರಣವನ್ನೂ ಹೇಳಬೇಡವೇ?

ಗಣಕಕ್ಕೆ ಹೊಸ ತಂತ್ರಾಂಶವೊಂದನ್ನು ಸೇರಿಸಲು ಹೊರಟಿದ್ದೀರಿ. ಕೆಲಸ ಅರ್ಧಕ್ಕೇ ನಿಂತು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸಂದೇಶ ಮೂಡುತ್ತದೆ. ಅದರ ಅರ್ಥ ಇಷ್ಟು: 'ಸಮಸ್ಯೆ ಸರಿಪಡಿಸಲಾಗುತ್ತಿಲ್ಲ, ನೀವು ಮುರಿದ ಪ್ಯಾಕೇಜುಗಳನ್ನು ತಡೆಹಿಡಿದಿದ್ದೀರಿ.' ನೀವು ಯಾವುದನ್ನೂ ತಡೆಹಿಡಿದಿಲ್ಲ! ಹಾಗಾದರೆ ತಪ್ಪು ಎಲ್ಲಿದೆ?

ಲಿನಕ್ಸ್ ಕುಟುಂಬದ ಡೆಬಿಯನ್, ಉಬುಂಟು ಬಳಸುವವರಿಗೆ ಇದು ಪರಿಚಿತ ಅನುಭವ. ಸಂದೇಶ ನೀಡುವುದು 'ಆಪ್ಟ್' ಎಂಬ ಪ್ಯಾಕೇಜ್ ಮ್ಯಾನೇಜರ್. 1999ರ ಡೆಬಿಯನ್ ಆವೃತ್ತಿಯೊಡನೆ ಬಳಕೆಗೆ ಬಂದ ಇದು, ಬೇಕಾದ ತಂತ್ರಾಂಶವನ್ನೂ ಅದು ಅವಲಂಬಿಸಿರುವ ಇತರ ಪ್ಯಾಕೇಜುಗಳನ್ನೂ ತಂದು ಜೋಡಿಸುತ್ತದೆ.

ತೊಡಕು ಹುಟ್ಟುವುದು ಈ ಅವಲಂಬನೆಯಲ್ಲಿ. ನಕ್ಷೆ ಬಿಡಿಸುವ ತಂತ್ರಾಂಶಕ್ಕೆ ಒಂದು ಗಣಿತ ಪ್ಯಾಕೇಜಿನ 2ನೇ ಆವೃತ್ತಿ ಬೇಕು ಎನ್ನಿ. ಈಗಾಗಲೇ ಇರುವ ಇನ್ನೊಂದು ತಂತ್ರಾಂಶ ಅದೇ ಪ್ಯಾಕೇಜಿನ 1ನೇ ಆವೃತ್ತಿಯನ್ನೇ ಬಯಸುತ್ತದೆ. ಒಂದೇ ಪ್ಯಾಕೇಜಿನ ಎರಡು ಆವೃತ್ತಿಗಳು ಒಟ್ಟಿಗಿರಲಾರವು. ಪ್ಯಾಕೇಜುಗಳು ಸಾವಿರಾರು ಇದ್ದಾಗ ಹೊಂದುವ ಜೋಡಣೆಯನ್ನು ಹುಡುಕುವುದು, ಗಣಿತಜ್ಞರು 'ಎನ್‌ಪಿ-ಸಂಪೂರ್ಣ' ಎನ್ನುವ ಕಠಿಣ ಸಮಸ್ಯೆಗಳ ವರ್ಗಕ್ಕೆ ಸೇರುತ್ತದೆ.

ಹಳೆಯ ಆಪ್ಟ್ ಸೋತಾಗ 'ಇದಕ್ಕೆ ಅದು ಬೇಕು, ಆದರೆ ಅದನ್ನು ಸೇರಿಸಲಾಗುವುದಿಲ್ಲ' ಎಂದಷ್ಟೇ ಹೇಳುತ್ತಿತ್ತು. ಏಕೆ ಸೇರಿಸಲಾಗದು ಎಂಬುದನ್ನು ಬಳಕೆದಾರನೇ ಪತ್ತೆಹಚ್ಚಬೇಕಿತ್ತು.

ಇದಕ್ಕೆ ಒಂದು ಸೊಗಸಾದ ಪರಿಹಾರ 2018ರಲ್ಲಿ ಪ್ರಕಟವಾಯಿತು. ಡಾರ್ಟ್ ಭಾಷೆಯ ಪ್ಯಾಕೇಜ್ ಮ್ಯಾನೇಜರಿಗಾಗಿ ನಟಾಲಿ ವೈಝನ್‌ಬಾಮ್ ರೂಪಿಸಿದ 'ಪಬ್‌ಗ್ರಬ್' ಕ್ರಮವಿಧಿಯು, ಎದುರಾದ ಪ್ರತಿಯೊಂದು ವಿರೋಧವನ್ನೂ ಕಾರಣಸಮೇತ ನೆನಪಿಡುತ್ತದೆ. ಕೊನೆಗೆ ರೇಖಾಗಣಿತದ ಸಾಧನೆಯಂತೆ 'ಇದು ಹೀಗಿರುವುದರಿಂದ, ಅದು ಹಾಗಿರುವುದರಿಂದ, ಆದ್ದರಿಂದ ಇವೆರಡೂ ಕೂಡಿ ಇರಲಾರವು' ಎಂದು ಮೆಟ್ಟಿಲು ಮೆಟ್ಟಿಲಾಗಿ ವಿವರಿಸುತ್ತದೆ. 2025ರಲ್ಲಿ ಬಂದ ಆಪ್ಟ್ 3.0 ಕೂಡ, ಪರಸ್ಪರ ವಿರುದ್ಧವಾದ ಎರಡು ತೀರ್ಮಾನಗಳನ್ನು ಕಾರಣಗಳೊಡನೆ ಪಟ್ಟಿಮಾಡಿ ತೋರಿಸಬಲ್ಲದು.

ಅಸ್ಪಷ್ಟ ಸಂದೇಶದಿಂದ ಹಾನಿಯೂ ಉಂಟು. ಎರಡು ಕ್ರಮವಿಧಿಗಳು ಪ್ಯಾಕೇಜುಗಳ ದಾಖಲೆಯನ್ನು ಏಕಕಾಲಕ್ಕೆ ತಿದ್ದದಂತೆ ಒಂದು 'ಬೀಗ' ಇರುತ್ತದೆ. ಹಿನ್ನೆಲೆಯಲ್ಲಿ ಬೇರೊಂದು ನವೀಕರಣ ನಡೆಯುತ್ತಿದ್ದರೆ ಆಪ್ಟ್ 'ಬೀಗ ಸಿಗುತ್ತಿಲ್ಲ' ಎಂದು ನಿಂತುಬಿಡುತ್ತಿತ್ತು. ಏನೂ ತೋಚದ ಬಳಕೆದಾರ ಬೀಗದ ಕಡತವನ್ನೇ ಅಳಿಸಿಹಾಕಿದರೆ? ದಾಖಲೆ ಕೆಟ್ಟು, ಇಡೀ ವ್ಯವಸ್ಥೆ ಹದಗೆಡಬಹುದು. ಬೇಕಾಗಿದ್ದುದು ಕೆಲವು ನಿಮಿಷಗಳ ತಾಳ್ಮೆ ಮಾತ್ರ. 2020ರ ಆಪ್ಟ್ 2.0 ಆವೃತ್ತಿಯಿಂದ ಈ ತೊಂದರೆ ಕಡಿಮೆಯಾಗಿದೆ. ಬೀಗ ಬಿಡುಗಡೆಯಾಗುವವರೆಗೆ ಅದು ತಾನೇ ಕಾಯುತ್ತದೆ. ಸಂದೇಶವೇ ಬೇಕಿಲ್ಲದಂತೆ ಮಾಡುವುದು ಎಲ್ಲಕ್ಕಿಂತ ಉತ್ತಮ ಪರಿಹಾರವಲ್ಲವೇ?

ಒಟ್ಟಿನಲ್ಲಿ ಒಳ್ಳೆಯ ದೋಷ ಸಂದೇಶ ಮೂರು ಪ್ರಶ್ನೆಗಳಿಗೆ ಉತ್ತರಿಸಬೇಕು: ಏನಾಯಿತು? ಏಕಾಯಿತು? ಮುಂದೇನು ಮಾಡಬೇಕು? ಮಾಡದ ತಪ್ಪನ್ನು ಬಳಕೆದಾರನ ಮೇಲೆ ಹೊರಿಸಬಾರದು.

ಕ್ರಮವಿಧಿ ಬರೆಯಲು ಕಲಿಯುತ್ತಿರುವ ವಿದ್ಯಾರ್ಥಿಗಳು ತಮ್ಮ ಸಂದೇಶಗಳನ್ನು ಗೆಳೆಯರಿಗೆ ಓದಿಸಿ ನೋಡಲಿ. ಓದಿದವರಿಗೆ ಮುಂದಿನ ಹೆಜ್ಜೆ ತಿಳಿಯದಿದ್ದರೆ ತಿದ್ದಬೇಕಾದುದು ಸಂದೇಶವನ್ನು. ಇನ್ನು ಅಧ್ಯಾಪಕರಾದ ನಾವು? ಉತ್ತರಪತ್ರಿಕೆಯಲ್ಲಿ ಕೆಂಪು ಶಾಯಿಯಿಂದ ಬರಿದೇ 'ತಪ್ಪು' ಎಂದು ಗೀಚುವಾಗ ನಾವು ಕೊಡುತ್ತಿರುವುದೂ ಹಳೆಯ ಆಪ್ಟ್‌ನಂಥದೇ ಸಂದೇಶ!