ಪಾಠ ನಾಯಿಗೋ, ಮನೆಯವರಿಗೋ?

"ನಮ್ಮನೆ ನಾಯಿ ಹೇಳಿದ ಮಾತೇ ಕೇಳೋದಿಲ್ಲ ಕಣ್ರೀ!" ಈ ಮಾತನ್ನು ನೀವು ಎಷ್ಟು ಮನೆಗಳಲ್ಲಿ ಕೇಳಿಲ್ಲ? ಗ್ಯಾಸ್ ಸಿಲಿಂಡರ್ ತಂದವನು ಗೇಟಿನ ಆಚೆಯೇ ನಿಂತು ಕೂಗುತ್ತಾನೆ. ಹೂವಿನವಳು ಆ ಮನೆ ಬಿಟ್ಟು ಮುಂದಿನ ಮನೆಗೆ ಹೋಗುತ್ತಾಳೆ. ನೆಂಟರು ಬಂದರೆ ಅವರ ರೇಷ್ಮೆ ಸೀರೆಯ ಮೇಲೆ ನಾಯಿ ಎರಡೂ ಮುಂಗಾಲು ಊರುತ್ತದೆ. ಕೊನೆಗೆ ಮನೆಮಂದಿ ಬೇಸತ್ತು ಅದನ್ನು ಹಿತ್ತಲಲ್ಲಿ ಸರಪಳಿ ಹಾಕಿ ಕಟ್ಟುತ್ತಾರೆ. ಕಟ್ಟಿದ ನಾಯಿ ದಿನೇ ದಿನೇ ಸಿಡುಕಾಗುತ್ತದೆ. ಸಿಡುಕಾಯಿತೆಂದು ಇನ್ನೂ ಗಿಡ್ಡ ಸರಪಳಿ! ಮಕ್ಕಳು ಆಸೆಪಟ್ಟು ತಂದ ಮರಿಯ ಪಾಡು ಎಷ್ಟೋ ಕಡೆ ವರ್ಷ ತುಂಬುವುದರೊಳಗೆ ಹೀಗಾಗುತ್ತದೆ. ರಾತ್ರೋರಾತ್ರಿ ಊರಾಚೆ ಬಿಟ್ಟು ಬರುವವರೂ ಇದ್ದಾರೆ.

ದೊಡ್ಡ ಊರುಗಳಲ್ಲಿ ನಾಯಿಗಳಿಗೆ ವಿಧೇಯತೆ ಕಲಿಸುವ ತರಗತಿಗಳಿವೆ. ನಮ್ಮ ಅರಸೀಕೆರೆ, ಸಾಗರ, ಸಿಂಧನೂರಿನಲ್ಲಿ ಅದನ್ನೆಲ್ಲಿ ಹುಡುಕೋಣ ಅನ್ನುತ್ತೀರಾ? ಹುಡುಕಬೇಕಾಗಿಲ್ಲ. ಆ ತರಗತಿಗಳ ಗುಟ್ಟು ಇಷ್ಟೇ: ಅಲ್ಲಿ ಪಾಠವಾಗುವುದು ನಾಯಿಗಿಂತ ಹೆಚ್ಚಾಗಿ ಅದರ ಹಗ್ಗ ಹಿಡಿದು ನಿಂತವರಿಗೆ. ವಾರಕ್ಕೊಮ್ಮೆ ಅಲ್ಲಿ ಹೇಳಿಕೊಟ್ಟದ್ದನ್ನು ಉಳಿದ ದಿನ ಮನೆಯಲ್ಲಿ ಮಾಡಿಸಲೇಬೇಕು, ಇಲ್ಲದಿದ್ದರೆ ಕೊಟ್ಟ ದುಡ್ಡು ದಂಡ. ಇನ್ನು ಮನೆಯಲ್ಲಿ ನಾಯಿಗೆ ತಟ್ಟೆ ಇಡುವವರು ಯಾರು? ಹೊತ್ತುಹೊತ್ತಿಗೆ ಅದರ ಮುಖ ನೋಡುವವರು ಯಾರು? ನೀವೇ ತಾನೆ! ಹಾಗಾದರೆ ಅದರ ಮೇಡಂ ಕೂಡ ನೀವೇ.

ಈ ತರಗತಿಗಳ ಚರಿತ್ರೆಯಲ್ಲೂ ಒಬ್ಬ ಹೆಂಗಸಿನ ಹಟ ಇದೆ. ಅಮೆರಿಕದ ಹೆಲೆನ್ ವೈಟ್‌ಹೌಸ್ ವಾಕರ್ ಎಂಬಾಕೆ ಗುಂಗುರು ಕೂದಲಿನ ಪೂಡ್ಲ್ ನಾಯಿಗಳನ್ನು ಸಾಕಿದ್ದರು. ಅಂದಚಂದಕ್ಕಷ್ಟೇ ಲಾಯಕ್ಕಾದ ನಾಯಿ ಎಂದು ಜನ ಅವನ್ನು ಹಾಸ್ಯ ಮಾಡುತ್ತಿದ್ದರು. ಸರಿ, ಬುದ್ಧಿಯಲ್ಲಿ ಇವೇನೂ ಕಡಿಮೆಯಿಲ್ಲ ಎಂದು ತೋರಿಸಿಯೇ ಬಿಡುತ್ತೇನೆಂದು ಆಕೆ 1933ರ ಅಕ್ಟೋಬರಿನಲ್ಲಿ ನ್ಯೂಯಾರ್ಕ್ ರಾಜ್ಯದ ಮೌಂಟ್ ಕಿಸ್ಕೋದಲ್ಲಿ, ತಂದೆಯ ಜಮೀನಿನಲ್ಲೇ, ನಾಯಿಗಳಿಗೊಂದು ವಿಧೇಯತೆಯ ಪರೀಕ್ಷೆ ಏರ್ಪಡಿಸಿದರು. ಬಂದದ್ದು ಎಂಟೇ ನಾಯಿ. 1936ರಲ್ಲಿ ಅಮೆರಿಕನ್ ಕೆನಲ್ ಕ್ಲಬ್ ಆ ಪರೀಕ್ಷೆಗೆ ಮನ್ನಣೆ ಕೊಟ್ಟಿತು. ಮರುವರ್ಷ ವಾಕರ್ ತಮ್ಮ ಜೊತೆಗಾತಿ ಬ್ಲಾಂಚ್ ಸಾಂಡರ್ಸ್ ಮತ್ತು ಮೂರು ಪೂಡ್ಲ್‌ಗಳನ್ನು ಕರೆದುಕೊಂಡು, ಕಾರಿನ ಹಿಂದೆ ಒಂದು ಬಂಡಿ ಕಟ್ಟಿಕೊಂಡು, ಸುಮಾರು ಹತ್ತು ಸಾವಿರ ಮೈಲಿ ತಿರುಗಿ ಊರೂರಲ್ಲಿ ಈ ವಿದ್ಯೆ ತೋರಿಸಿ ಬಂದರು. ಇಬ್ಬರೇ ಹೆಂಗಸರು, ಆ ಕಾಲದಲ್ಲಿ!

ಆಗಿನ ಪದ್ಧತಿಯಲ್ಲಿ ನಾಯಿಯ ಕೊರಳಿಗೆ ಬಿಗಿಯುವ ಸರಪಳಿ ಹಾಕಿ, ತಪ್ಪಿದಾಗ ಜಗ್ಗುವುದು ವಾಡಿಕೆ. ಈಗ ತಿಳಿದವರು ಅದನ್ನು ಬೇಡವೆನ್ನುತ್ತಾರೆ. ಅಮೆರಿಕದ ಪಶುವೈದ್ಯರಲ್ಲಿ ಪ್ರಾಣಿಗಳ ನಡವಳಿಕೆಯನ್ನೇ ಅಭ್ಯಾಸ ಮಾಡುವವರ ಸಂಘವೊಂದಿದೆ. ಹೊಡೆದು ಜಗ್ಗಿ ಕಲಿಸಬೇಡಿ, ಸರಿ ಮಾಡಿದಾಗ ತಿನಿಸು ಕೊಟ್ಟು ಕಲಿಸಿ ಎಂದು ಅದು 2021ರಲ್ಲಿ ಸ್ಪಷ್ಟವಾಗಿಯೇ ಹೇಳಿತು. ಅಂದಮೇಲೆ ನಿಮಗೆ ಬೇಕಾದ ಸಾಮಾನು ಅಡಿಗೆಮನೆಯಲ್ಲೇ ಇದೆ. ಚಪಾತಿಯದೋ ಇಡ್ಲಿಯದೋ ಒಂದು ಚೂರು, ಕ್ಯಾರೆಟ್ಟಿನ ತುಣುಕು, ತಿನ್ನುವ ಮನೆಯಾದರೆ ಬೇಯಿಸಿದ ಮೊಟ್ಟೆ. ಚೂರು ಕಡಲೆಕಾಳಿನಷ್ಟಿದ್ದರೆ ಸಾಕು. ಆದರೆ ಈರುಳ್ಳಿ, ದ್ರಾಕ್ಷಿ, ಪಾಯಸದಲ್ಲಿ ಮಿಕ್ಕ ಒಣದ್ರಾಕ್ಷಿ, ಚಾಕೊಲೇಟು ಮಾತ್ರ ಖಂಡಿತ ಕೂಡದು. ಇವು ನಾಯಿಗೆ ವಿಷ.

ಮೊದಲ ಕೆಲಸ ನಾಯಿಯದಲ್ಲ, ಮನೆಯವರದು. ಅತ್ತೆ "ಕೂರು" ಅಂತಾರೆ, ಯಜಮಾನರು "ಸಿಟ್" ಅಂತಾರೆ, ಮಗ "ಏಯ್ ಕೂತ್ಕೊಳ್ಳೋ" ಅಂತಾನೆ. ಪಾಪ, ಅದು ಯಾರ ಮಾತು ಕೇಳಬೇಕು? ಎಲ್ಲರೂ ಕೂತು ಮಾತಾಡಿ ಒಂದು ಕೆಲಸಕ್ಕೆ ಒಂದೇ ಪದ ಗೊತ್ತುಮಾಡಿ. ಬೇಕಾದರೆ ಗೋಡೆಗೆ ಒಂದು ಚೀಟಿ ಅಂಟಿಸಿ. ತಮಾಷೆ ನೋಡಿ, ದಿನವಿಡೀ ಒಂದು ಇಂಗ್ಲಿಷ್ ಮಾತೂ ಆಡದ ಅಜ್ಜಿ ಕೂಡ ನಾಯಿಯ ಹತ್ತಿರ ಹೋದರೆ ಇಂಗ್ಲಿಷೇ ಆಡುತ್ತಾರೆ! ನಾಯಿಗೆ ಭಾಷೆಯ ಹಂಗಿಲ್ಲ. ಅಪ್ಪಟ ಕನ್ನಡದ "ಕೂತ್ಕೋ" ಅದಕ್ಕೆ ಚೆನ್ನಾಗಿಯೇ ಅರ್ಥವಾಗುತ್ತದೆ.

ಪಾಠಕ್ಕೆ ಒಳ್ಳೆಯ ಹೊತ್ತೆಂದರೆ ಅದರ ಊಟಕ್ಕೆ ಮುಂಚೆ, ಹಸಿದಿರುವಾಗ. ಚೂರನ್ನು ಬೆರಳ ತುದಿಯಲ್ಲಿ ಹಿಡಿದು ಅದರ ಮೂಗಿನ ಹತ್ತಿರ ತನ್ನಿ. ಆಮೇಲೆ ನಿಧಾನವಾಗಿ ತಲೆಯ ಮೇಲಿನಿಂದ ಹಿಂದಕ್ಕೆ ಸರಿಸಿ. ಮೂಗು ಮೇಲೆ ಹೋದಂತೆ ಹಿಂಭಾಗ ತಾನಾಗಿ ನೆಲಕ್ಕೆ ಇಳಿಯುತ್ತದೆ. ಇಳಿದ ಆ ಗಳಿಗೆಯಲ್ಲೇ "ಜಾಣ!" ಎಂದು ಚೂರು ಕೊಟ್ಟುಬಿಡಿ. ಡಬ್ಬದ ಮುಚ್ಚಳ ತೆಗೆದು ಹುಡುಕುತ್ತಾ ನಿಂತರೆ ಕೆಲಸ ಕೆಟ್ಟಿತು. ಅಷ್ಟರಲ್ಲಿ ನಾಯಿ ಎದ್ದು ನಿಂತಿರುತ್ತದೆ, ನೀವು ಎದ್ದದ್ದಕ್ಕೆ ಬಹುಮಾನ ಕೊಟ್ಟ ಹಾಗಾಗುತ್ತದೆ. ನಾಲ್ಕಾರು ಸಲ ಹೀಗಾದ ಮೇಲೆ ಅದು ಕೂರುವ ಮುಂಚೆ "ಕೂತ್ಕೋ" ಎಂಬ ಪದ ಸೇರಿಸಿ. ಪದ ಒಂದೇ ಸಲ. ಹತ್ತು ಸಲ ಹೇಳಿದರೆ ಹತ್ತನೆಯದಕ್ಕೆ ಕೂತರಾಯಿತೆಂದು ಅದೂ ಕಲಿಯುತ್ತದೆ, ನಮ್ಮ ಮಕ್ಕಳ ಹಾಗೆ. ಒಂದು ಹೊತ್ತಿಗೆ ಐದು ನಿಮಿಷ, ದಿನಕ್ಕೆ ಎರಡು ಮೂರು ಹೊತ್ತು. ಕುಕ್ಕರ್ ಕೂಗುವುದರೊಳಗೆ ಮುಗಿಯುವ ಕೆಲಸ.

ಕೂರಲು ಬಂದಮೇಲೆ "ಇರು" ಕಲಿಸಿ. ಮೊದಲು ಒಂದು ಹೆಜ್ಜೆ ಹಿಂದೆ ಹೋಗಿ ತಕ್ಷಣ ವಾಪಸು ಬಂದು ಚೂರು ಕೊಡಿ. ನಾಳೆ ಎರಡು ಹೆಜ್ಜೆ, ನಾಡಿದ್ದು ಮೂರು. ಎದ್ದುಬಿಟ್ಟರೆ ಬೈಯಬೇಡಿ, ಒಂದು ಹೆಜ್ಜೆಗೆ ಇಳಿಸಿ. ಈ "ಇರು" ಎಂಬುದು ತೆರೆದ ಗೇಟಿನ ಮುಂದೆ ಪ್ರಾಣ ಉಳಿಸುವ ಪದ. ಬಸ್ಸು ಲಾರಿ ಓಡಾಡುವ ರಸ್ತೆಯ ಮನೆಯವರು ಇದೊಂದನ್ನಾದರೂ ಬಿಡದೆ ಕಲಿಸಬೇಕು.

"ಬಾ" ಎಂಬ ಪದವನ್ನಂತೂ ನಾವೇ ಕೆಡಿಸಿರುತ್ತೇವೆ. "ಬಾ ಬಾ" ಎಂದು ಮುದ್ದಿನಿಂದ ಕರೆದು ಸ್ನಾನದ ಬಕೆಟ್ಟಿಗೆ ಎಳೆಯುವುದು, ಇಲ್ಲವೇ ಸರಪಳಿಗೆ ಸಿಕ್ಕಿಸುವುದು. ಇನ್ನೊಮ್ಮೆ ಅದು ಬಂದೀತೇ? ಸ್ನಾನಕ್ಕೆ, ಔಷಧಿಗೆ ನೀವೇ ಅದರ ಬಳಿ ಹೋಗಿ ಕರೆತನ್ನಿ. "ಬಾ" ಅಂದಾಗ ಮಾತ್ರ ಯಾವತ್ತೂ ಒಳ್ಳೆಯದೇ ಸಿಗಬೇಕು. ಓಡಿಹೋಗಿ ಅರ್ಧ ಗಂಟೆ ಬಿಟ್ಟು ಬಂದರೂ ಅಷ್ಟೇ, ಬಂದದ್ದಕ್ಕೆ ಬೆನ್ನು ಸವರಿ.

ಮೈಮೇಲೆ ಹಾರುವ ನಾಯಿಗೆ ಏಟು ಬೇಡ. ಬೆನ್ನು ತಿರುಗಿಸಿ ಸುಮ್ಮನೆ ನಿಂತುಬಿಡಿ, ನಾಲ್ಕೂ ಕಾಲು ನೆಲಕ್ಕೆ ಬಂದಾಗ ಮಾತಾಡಿಸಿ. ಮನೆಯಲ್ಲಿ ಒಬ್ಬರು ಹಾರಿಸಿಕೊಂಡು ಮುದ್ದಾಡಿದರೂ ಉಳಿದವರ ಶ್ರಮ ನೀರಿಗೆ ಹೋಮ. (ಆ ಒಬ್ಬರು ಯಾರೆಂದು ನಿಮಗೆ ಗೊತ್ತೇ ಇದೆ. ಆಫೀಸಿನಿಂದ ಬರುವವರು!) ಮರಿ ನಡುಮನೆಯಲ್ಲಿ ಒದ್ದೆ ಮಾಡಿದರೆ ಮೂಗು ತಿಕ್ಕುವ ಹಳೇ ಪದ್ಧತಿಯನ್ನೂ ಬಿಡಿ. ಎದ್ದಕೂಡಲೇ, ಉಂಡಕೂಡಲೇ, ಆಡಿ ಮುಗಿದಕೂಡಲೇ ಹೊರಗೆ ಕರೆದೊಯ್ಯಿರಿ. ಅಲ್ಲಿ ಮಾಡಿದರೆ ಒಂದು ಚೂರು.

"ತಪ್ಪು ಮಾಡಿದ್ದು ಅದಕ್ಕೇ ಗೊತ್ತಿದೆ, ಮುಖ ನೋಡಿ ಹೇಗಿದೆ!" ಅನ್ನುತ್ತೇವಲ್ಲ, ಅದೂ ಸರಿಯಲ್ಲ. ಅಲೆಕ್ಸಾಂಡ್ರಾ ಹೊರೊವಿಟ್ಜ್ ಎಂಬ ವಿಜ್ಞಾನಿ ಇದನ್ನು ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದರು. ಬೇಡವೆಂದ ತಿಂಡಿಯನ್ನು ತಿಂದ ನಾಯಿಗೂ ತಿನ್ನದ ನಾಯಿಗೂ ಆ ಸಪ್ಪೆ ಮುಖದಲ್ಲಿ ವ್ಯತ್ಯಾಸ ಕಾಣಲಿಲ್ಲ. ಯಜಮಾನರು ಗದರಿದಾಗ ಅದು ಹೆಚ್ಚು ಕಂಡಿತು. ಬೆಳಿಗ್ಗೆ ಕಚ್ಚಿದ ಚಪ್ಪಲಿಗೆ ಸಂಜೆ ಹೊಡೆದರೆ ನಾಯಿ ಕಲಿಯುವುದು ನಿಮ್ಮ ಕೈಗೆ ಹೆದರುವುದನ್ನಷ್ಟೇ.

ಮಕ್ಕಳಿರುವ ಮನೆಯವರಿಗೆ ಒಂದು ಮಾತು. ನಾಯಿ ಗುರ್ರೆಂದರೆ ಹೊಡೆಯಬೇಡಿ. ಗುರ್ರೆನ್ನುವುದು ಅದರ ಎಚ್ಚರಿಕೆ. ಹೊಡೆದು ಅದನ್ನು ಅಡಗಿಸಿದರೆ, ಮುಂದೊಂದು ದಿನ ಸದ್ದಿಲ್ಲದೆ ಕಚ್ಚೀತು. ಉಣ್ಣುವ, ಮಲಗಿದ ನಾಯಿಯ ಹತ್ತಿರ ಮಕ್ಕಳನ್ನು ಬಿಡಬೇಡಿ, ಚಿಕ್ಕ ಮಗುವನ್ನಂತೂ ಎಷ್ಟೇ ಸಾಧು ನಾಯಿಯಾದರೂ ಒಂಟಿಯಾಗಿ ಬಿಟ್ಟು ಒಳಗೆ ಹೋಗಬೇಡಿ.

"ನಮ್ಮದು ಜಾತಿ ನಾಯಿಯಲ್ಲ, ಬೀದಿಯಿಂದ ತಂದದ್ದು, ಅದಕ್ಕೆಲ್ಲಿ ಬರುತ್ತೆ?" ಅನ್ನಬೇಡಿ. ಚೂರಿಗೂ ಹೊಗಳಿಕೆಗೂ ಸೋಲದ ನಾಯಿ ಅಪರೂಪ. ಬರೀ ಬೇಟೆಗೆಂದು ಸಾಕುತ್ತಿದ್ದ ನಮ್ಮ ಮುಧೋಳದ ನಾಯಿಯನ್ನೇ 2016ರಲ್ಲಿ ಸೈನ್ಯದವರು ಮೀರತ್‌ಗೆ ಕರೆದೊಯ್ದು ತರಬೇತಿ ಕೊಡಲಿಲ್ಲವೇ? ನಾಲ್ಕೈದು ವರ್ಷದ ನಾಯಿಯೂ ಕಲಿಯುತ್ತದೆ, ಸ್ವಲ್ಪ ಹೆಚ್ಚು ದಿನ ಹಿಡಿಯಬಹುದು.

ಪಾಠದ ಜೊತೆಗೆ ಹುಚ್ಚುನಾಯಿ ರೋಗದ ಚುಚ್ಚುಮದ್ದನ್ನು ಮರೆಯಬೇಡಿ. ಮರಿಗೆ ಮೂರು ತಿಂಗಳಾಗುತ್ತಲೇ ಪಶು ಆಸ್ಪತ್ರೆಗೆ ಕರೆದೊಯ್ದು ಹಾಕಿಸಿ, ಆಮೇಲೆ ವೈದ್ಯರು ಹೇಳಿದ ಹಾಗೆ ವರ್ಷವರ್ಷ. ಯಾವ ನಾಯಿ ಕಚ್ಚಿದರೂ, ಪರಚಿದರೂ ಅರಿಸಿನ, ಸುಣ್ಣ ಹಚ್ಚದೆ ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಿ. ನಾಯಿಯನ್ನು ಚುಚ್ಚುಮದ್ದಿಗೆ ಕರೆದೊಯ್ಯುವಾಗ ಸೆರಗಿನ ತುದಿಯಲ್ಲಿ ನಾಲ್ಕು ಚೂರು ಇಡ್ಲಿ ಕಟ್ಟಿಕೊಂಡಿರಿ. ಡಾಕ್ಟರು ಸೂಜಿ ಹಿಡಿದಾಗ ನೀವು "ಕೂತ್ಕೋ" ಅನ್ನಿ.