ಸೆರೆಮನೆಯ ಪುಟಗಳು, ಹೊರಗಿನ ಕೈಗಳು

ಬ್ರಹ್ಮದೇಶದ ಮಂಡಾಲೆ ಸೆರೆಮನೆಯಲ್ಲಿ ಲೋಕಮಾನ್ಯ ಬಾಲಗಂಗಾಧರ ಟಿಳಕರಿಗೆ ಬರೆಯಲು ದೊರೆತದ್ದು ಸೀಸದ ಕಡ್ಡಿ ಮಾತ್ರ. 1908ರ ಜುಲೈ ತಿಂಗಳಲ್ಲಿ ರಾಜದ್ರೋಹದ ಆಪಾದನೆಯ ಮೇಲೆ ಮುಂಬಯಿಯ ನ್ಯಾಯಾಲಯವು ಆರು ವರುಷಗಳ ಶಿಕ್ಷೆಯನ್ನು ವಿಧಿಸಿದಾಗ ಅವರು ಐವತ್ತೆರಡರ ಹೊಸ್ತಿಲಲ್ಲಿದ್ದರು. ಮಧುಮೇಹ ದೇಹವನ್ನು ಹಣ್ಣು ಮಾಡಿತ್ತು. ಆದರೂ 1910-11ರ ಚಳಿಗಾಲದ ಕೆಲವೇ ತಿಂಗಳುಗಳಲ್ಲಿ 'ಗೀತಾರಹಸ್ಯ'ವೆಂಬ ಮಹಾಗ್ರಂಥವನ್ನು ಅವರು ಮರಾಠಿಯಲ್ಲಿ ಬರೆದು ಮುಗಿಸಿದರು. 1912ರಲ್ಲಿ ಪತ್ನಿ ಸತ್ಯಭಾಮಾಬಾಯಿಯವರು ಪುಣೆಯಲ್ಲಿ ತೀರಿಕೊಂಡಾಗಲೂ ಟಿಳಕರು ಮಂಡಾಲೆಯ ಗೋಡೆಗಳ ನಡುವೆಯೇ ಇದ್ದರು.

1914ರಲ್ಲಿ ಬಿಡುಗಡೆಯಾಯಿತು. ಆದರೆ ಹಸ್ತಪ್ರತಿ ಇನ್ನೂ ಸರಕಾರದ ವಶದಲ್ಲಿತ್ತು. ಅದು ಮರಳಿ ಬಾರದಿದ್ದರೆ? ನೆನಪಿನಿಂದಲೇ ಮತ್ತೊಮ್ಮೆ ಬರೆದೇನೆಂಬ ಧೈರ್ಯ ಟಿಳಕರಿಗಿತ್ತೆಂದು ಹೇಳುತ್ತಾರೆ. ಅದೃಷ್ಟವಶಾತ್ ಪುಟಗಳು ಹಿಂದಿರುಗಿದವು. 1915ರಲ್ಲಿ ಗ್ರಂಥವು ಅಚ್ಚಾಯಿತು.

ಕಾರಾಗೃಹದಲ್ಲಿ ಹುಟ್ಟಿದ ಹೊತ್ತಿಗೆಗಳನ್ನು ಕುರಿತು ಮಾತನಾಡುವಾಗ ನಾವು ಬರೆದವರ ಮನೋಬಲವನ್ನು ಕೊಂಡಾಡುತ್ತೇವೆ. ಅದು ಸರಿಯೇ. ಆದರೆ ಅಂಥ ಹೊತ್ತಿಗೆ ಓದುಗನನ್ನು ಮುಟ್ಟಬೇಕಾದರೆ ಮತ್ತೊಬ್ಬರ ಕೈ ಬೇಕು. ಮಂಡಾಲೆಯ ಗ್ರಂಥವನ್ನು ಕನ್ನಡಿಗರ ಮನೆಗೆ ತಂದವರು ಆಲೂರು ವೆಂಕಟರಾಯರು. 1880ರಲ್ಲಿ ವಿಜಾಪುರದಲ್ಲಿ ಹುಟ್ಟಿ, ಪುಣೆಯಲ್ಲಿ ಓದಿ, 'ಕರ್ನಾಟಕ ಗತವೈಭವ'ವನ್ನು ಬರೆದು ನಾಡನ್ನು ಎಚ್ಚರಿಸಿದ ಆ ಹಿರಿಯರು 'ಗೀತಾರಹಸ್ಯ'ವನ್ನು ಕನ್ನಡಕ್ಕೆ ಅನುವಾದಿಸಿದರು.

ಬರೆದವರ ಮಾತನ್ನು ಕಾಪಾಡುವುದರ ಬೆಲೆ ಆ ಜಿಲ್ಲೆಗೆ ಹೊಸದಲ್ಲ. ಕೃಷ್ಣೆಯ ದಡದಲ್ಲಿರುವ ಮುದ್ದೇಬಿಹಾಳ ತಾಲೂಕಿನ ತಂಗಡಗಿ, ಬಸವಣ್ಣನವರ ಪತ್ನಿ ನೀಲಾಂಬಿಕೆಯು ಐಕ್ಯಳಾದ ಸ್ಥಳವೆಂದು ಭಕ್ತರು ನಂಬಿದ ಊರು. ಆ ಶರಣೆಯ ವಚನಗಳು ನಮಗೆ ಇಂದು ದೊರೆತಿದ್ದರೆ ಅದಕ್ಕೆ ಓಲೆಗರಿಗಳನ್ನು ತಲೆತಲಾಂತರ ಕಾಯ್ದವರೇ ಕಾರಣರು. ಅಂಥ ಗರಿಗಳನ್ನು ಹುಡುಕಿ ಸಂಗ್ರಹಿಸಿ ಅಚ್ಚು ಮಾಡಿಸಲು ಬಾಳನ್ನೇ ಸವೆಸಿದ ಫ. ಗು. ಹಳಕಟ್ಟಿಯವರೂ ವಿಜಾಪುರದಲ್ಲಿದ್ದುಕೊಂಡೇ ಆ ಕೆಲಸ ಮಾಡಿದರು.

ಒಮ್ಮೊಮ್ಮೆ ನೆರವಿನ ಕೈ ಸೆರೆಮನೆಯೊಳಗೇ ಇರುತ್ತದೆ. 1932ರಲ್ಲಿ ಧುಳೆಯ ಕಾರಾಗೃಹದಲ್ಲಿ ವಿನೋಬಾ ಭಾವೆಯವರು ಪ್ರತಿ ಭಾನುವಾರ ಸಹಬಂದಿಗಳಿಗೆ ಗೀತೆಯ ಒಂದೊಂದು ಅಧ್ಯಾಯವನ್ನು ವಿವರಿಸುತ್ತಿದ್ದರು. ಅದನ್ನು ಕೇಳುತ್ತಲೇ ಬರೆದುಕೊಂಡವರು ಸಾನೆ ಗುರೂಜಿ. ಅವರು ಬರೆಯದಿದ್ದರೆ 'ಗೀತಾ ಪ್ರವಚನ' ಆ ಗೋಡೆಗಳೊಳಗೇ ಮೌನವಾಗುತ್ತಿತ್ತು. 1944ರಲ್ಲಿ ಅಹಮದನಗರದ ಕೋಟೆಯಲ್ಲಿ ಐದು ತಿಂಗಳಲ್ಲಿ 'ಡಿಸ್ಕವರಿ ಆಫ್ ಇಂಡಿಯಾ'ವನ್ನು ಬರೆದ ಜವಾಹರಲಾಲ ನೆಹರೂ, ಹಸ್ತಪ್ರತಿಯನ್ನೋದಿ ಸಲಹೆಯಿತ್ತ ಮೌಲಾನಾ ಆಜಾದ್ ಮೊದಲಾದ ಸಹಬಂದಿಗಳನ್ನು ಮುನ್ನುಡಿಯಲ್ಲಿ ಕೃತಜ್ಞತೆಯಿಂದ ನೆನೆದಿದ್ದಾರೆ.

ಸ್ವಾತಂತ್ರ್ಯ ಬಂದ ಮೇಲೂ ಈ ಕಥೆ ಮುಗಿಯಲಿಲ್ಲ. 1970ರ 'ಸಂಸ್ಕಾರ' ಚಿತ್ರದಲ್ಲಿ ಚಂದ್ರಿಯ ಪಾತ್ರವನ್ನು ವಹಿಸಿದ ಸ್ನೇಹಲತಾ ರೆಡ್ಡಿಯವರನ್ನು ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976ರ ಮೇ ತಿಂಗಳಲ್ಲಿ ಬಂಧಿಸಿ, ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ಇಡಲಾಯಿತು. ಉಬ್ಬಸದಿಂದ ನರಳುತ್ತಿದ್ದ ಅವರು ಅಲ್ಲಿ ದಿನಚರಿಯನ್ನು ಬರೆದರು. 1977ರ ಜನವರಿಯಲ್ಲಿ ಹೊರಗೆ ಬಿಟ್ಟರು. ಕೆಲವೇ ದಿನಗಳಲ್ಲಿ, ಅದೇ ತಿಂಗಳ 20ರಂದು, ಅವರು ಕಣ್ಣು ಮುಚ್ಚಿದರು. ದಿನಚರಿಯನ್ನು ಅದೇ ವರುಷ ಇತರರು ಅಚ್ಚು ಮಾಡಿಸಿದರು. ಅದನ್ನು ಪುಸ್ತಕವಾಗಿ ನೋಡುವ ಭಾಗ್ಯ ಅವರಿಗಿರಲಿಲ್ಲ. ಅದೇ ಕಾರಾಗೃಹದಲ್ಲಿ ಆ ಕಾಲದಲ್ಲಿ ಬಂದಿಯಾಗಿದ್ದ ಲಾಲಕೃಷ್ಣ ಆಡ್ವಾಣಿಯವರ ದಿನಚರಿಯೂ ಮುಂದೆ ಪುಸ್ತಕವಾಯಿತು. ಇಂದು ಆ ಕಾರಾಗೃಹವಿದ್ದ ಜಾಗದಲ್ಲಿ 'ಫ್ರೀಡಂ ಪಾರ್ಕ್' ಎಂಬ ಉದ್ಯಾನವಿದೆ.

ಟಿಳಕರ ಪುಟಗಳು ಬದುಕಿದ್ದ ಲೇಖಕರ ಕೈಗೆ ಮರಳಿದವು. ಸ್ನೇಹಲತಾ ಅವರ ಪುಟಗಳು ಅವರನ್ನು ಕಳೆದುಕೊಂಡವರ ಕೈಯಲ್ಲಿ ಉಳಿದವು. ಮನೆಯ ಕಪಾಟಿನಲ್ಲಿ ಇಂಥ ಹೊತ್ತಿಗೆಯೊಂದಿದ್ದರೆ ಮೊದಲ ಪುಟಗಳನ್ನು ದಾಟಿಬಿಡಬೇಡಿ. ಲೇಖಕರ ಹೆಸರಿನ ಕೆಳಗೆ ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿರುವ ಅನುವಾದಕರ, ಪ್ರಕಾಶಕರ ಹೆಸರುಗಳನ್ನೂ ಓದಿರಿ. ಸೆರೆಮನೆಯ ಬಾಗಿಲಿನಿಂದ ನಿಮ್ಮ ಮನೆಯ ಬಾಗಿಲಿನವರೆಗೆ ಆ ಪುಟಗಳನ್ನು ಹೊತ್ತು ತಂದವರು ಅವರೇ.