ಹಿತ್ತಲ ಗಿಡದ ಮದ್ದು ಮತ್ತು ಅದರ ಮೇರೆ

'ಹಿತ್ತಲ ಗಿಡ ಮದ್ದಲ್ಲ' ಎಂಬುದು ನಮ್ಮ ಹಳೆಯ ಗಾದೆ. ಕೈಗೆ ಸುಲಭವಾಗಿ ಸಿಕ್ಕುವ ವಸ್ತುವಿನ ಬೆಲೆ ಮನುಷ್ಯನಿಗೆ ತಿಳಿಯದು ಎಂಬುದು ಅದರ ಹುರುಳು. ಆದರೆ 2020ರ ಕೋವಿಡ್ ಮಹಾಮಾರಿಯ ತರುವಾಯ ಈ ಗಾದೆ ತಲೆಕೆಳಗಾದಂತೆ ತೋರುತ್ತದೆ. ಆ ವರ್ಷ ಕೇಂದ್ರದ ಆಯುಷ್ ಸಚಿವಾಲಯವು ತುಳಸಿ, ದಾಲ್ಚಿನ್ನಿ, ಶುಂಠಿ, ಮೆಣಸುಗಳ ಕಷಾಯವನ್ನು ಜನರಿಗೆ ಸೂಚಿಸಿತು. ಅಂದಿನಿಂದ ಮನೆಮನೆಯಲ್ಲಿಯೂ ಕಷಾಯ ಕುದಿಯಿತು, ಅಂಗಳದ ಗೋಡೆಯ ಮೇಲೆ ಅಮೃತಬಳ್ಳಿ ಹಬ್ಬಿತು. ಹಿತ್ತಲ ಗಿಡವೇ ಸಕಲ ಮದ್ದು ಎಂದು ನಂಬುವವರು ಹೆಚ್ಚಿದರು. ಹಳೆಯ ತಾತ್ಸಾರವೂ ಸರಿಯಲ್ಲ, ಈ ಹೊಸ ಭಕ್ತಿಯೂ ಸರಿಯಲ್ಲ. ನೆಗಡಿ, ಕೆಮ್ಮು, ಶೀತಜ್ವರಗಳ ಕಾಲದಲ್ಲಿ ಮನೆಮದ್ದು ಎಷ್ಟರಮಟ್ಟಿಗೆ ನಮ್ಮ ನೆರವಿಗೆ ಬರುತ್ತದೆ, ಎಲ್ಲಿಗೆ ಅದರ ಮೇರೆ ಮುಗಿಯುತ್ತದೆ ಎಂಬುದನ್ನು ಇಂದು ವಿಚಾರಿಸೋಣ.

ನನ್ನ ಊರು ಚಚಡಿ. ಬೈಲಹೊಂಗಲ, ಸವದತ್ತಿ ಸೀಮೆಯ ಎರೆಭೂಮಿಯ ಹಳ್ಳಿ. ನಮ್ಮ ಕಡೆ ಈ ಬೇನೆಗಳಿಗೆ ಎರಡು ಹಂಗಾಮು. ಒಂದು ಮಳೆಗಾಲದ ನಡುವಿನಿಂದ ಅದರ ಕೊನೆಯವರೆಗೆ. ಇನ್ನೊಂದು ಚಳಿಗಾಲದಲ್ಲಿ, ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಬನದ ಹುಣ್ಣಿಮೆಯ ಜಾತ್ರೆ ಕೂಡುವ ಹೊತ್ತಿಗೆ. ಜಾತ್ರೆಗೆ ಹೋಗಿ ಬಂದವರು ಮೂಗು ಒರೆಸಿಕೊಳ್ಳುತ್ತ ಮರಳಿದರೆ, ಗುಡ್ಡದ ಥಂಡಿ ಹತ್ತಿತು ಎನ್ನುತ್ತಿದ್ದೆವು. ಹತ್ತಿದ್ದು ಥಂಡಿಯಷ್ಟೇ ಅಲ್ಲ, ಜನಸಂದಣಿಯಲ್ಲಿ ಒಬ್ಬರ ಉಸಿರಿನಿಂದ ಇನ್ನೊಬ್ಬರಿಗೆ ದಾಟುವ ವೈರಾಣು. ಸಾಮಾನ್ಯ ನೆಗಡಿಯನ್ನು ತರುವ ವೈರಾಣುಗಳು ಇನ್ನೂರಕ್ಕೂ ಮಿಕ್ಕಿ ಇವೆ. ಇನ್‌ಫ್ಲುಯೆಂಜಾ, ಅಂದರೆ ಜನ ಫ್ಲೂ ಎನ್ನುವ ಜ್ವರದ ವೈರಾಣು ಬೇರೆಯೇ. ಮನುಷ್ಯನಲ್ಲಿ ಅದನ್ನು ವಿಜ್ಞಾನಿಗಳು ಪತ್ತೆಹಚ್ಚಿದ್ದು 1933ರಲ್ಲಿ. ನೆಗಡಿ ಮೆಲ್ಲಗೆ ಬಂದು ಮೂಗು, ಗಂಟಲುಗಳನ್ನು ಕಾಡುತ್ತದೆ. ಫ್ಲೂ ಒಮ್ಮೆಲೆ ಎರಗಿ ಜ್ವರ, ಮೈಕೈ ನೋವು, ನಿಶ್ಶಕ್ತಿಗಳಿಂದ ಹಾಸಿಗೆ ಹಿಡಿಸುತ್ತದೆ.

ನೆಗಡಿಗೆ ಮದ್ದು ಕುಡಿದರೆ ಏಳು ದಿನ, ಕುಡಿಯದಿದ್ದರೆ ಒಂದು ವಾರ ಎಂದು ವಿನೋದವಾಗಿ ಹೇಳುವುದುಂಟು. ಈ ವಿನೋದದಲ್ಲಿ ಒಂದು ತತ್ತ್ವ ಅಡಗಿದೆ. ವೈರಾಣುವನ್ನು ಗೆಲ್ಲುವುದು ನಮ್ಮ ದೇಹವೇ. ಕಷಾಯವು ಆ ಹೋರಾಟದ ದಿನಗಳನ್ನು ಸಹ್ಯಗೊಳಿಸುತ್ತದೆ. ಗಂಟಲಿಗೆ ಹಿತ, ಕಫಕ್ಕೆ ಸಡಿಲು, ಬೆವರಿಗೆ ದಾರಿ, ಒಣಗಿದ ದೇಹಕ್ಕೆ ನೀರು, ಕಣ್ಣಿಗೆ ನಿದ್ದೆ ಇವಿಷ್ಟನ್ನು ಅದು ಕೊಡಬಲ್ಲದು. ಇದು ಸಣ್ಣ ಉಪಕಾರವಲ್ಲ. ನೆಗಡಿಗೆ ನಾಟದ ಆಂಟಿಬಯಾಟಿಕ್ ಗುಳಿಗೆಗಳನ್ನು ಸುಮ್ಮನೆ ನುಂಗುವ ಕೆಟ್ಟ ರೂಢಿಯಿಂದ ಅದು ನಮ್ಮನ್ನು ತಪ್ಪಿಸಿದರೂ ಸಾಕು.

ಇನ್ನು ಕಷಾಯ ಮಾಡುವ ಕ್ರಮ. ಆಯುರ್ವೇದದಲ್ಲಿ ಇದಕ್ಕೆ ಐದು ಬಗೆ: ಸ್ವರಸ, ಕಲ್ಕ, ಕ್ವಾಥ, ಹಿಮ, ಫಾಂಟ. ಹಿಂಡಿದ ರಸ ಸ್ವರಸ, ಅರೆದ ಮುದ್ದೆ ಕಲ್ಕ, ಕುದಿಸಿ ಬತ್ತಿಸಿದ್ದು ಕ್ವಾಥ, ತಣ್ಣೀರಿನಲ್ಲಿ ನೆನೆಯಿಟ್ಟದ್ದು ಹಿಮ, ಕುದಿನೀರು ಹೊಯ್ದು ಮುಚ್ಚಿಟ್ಟದ್ದು ಫಾಂಟ. ನಮ್ಮ ಅಡಿಗೆಮನೆಗಳಲ್ಲಿ ಎಲ್ಲವನ್ನೂ ಒಂದೇ ಪಾತ್ರೆಗೆ ಹಾಕಿ ಕುದಿಸುತ್ತೇವೆ, ಅದು ತಪ್ಪು. ಒಣಶುಂಠಿ, ಕೊತ್ತಂಬರಿ ಬೀಜ, ಮೆಣಸು ಇವು ಗಟ್ಟಿ ಪದಾರ್ಥಗಳು. ಕುದಿದರೇ ಸಾರ ಬಿಡುತ್ತವೆ. ತುಳಸಿ, ದೊಡ್ಡಪತ್ರೆಗಳ ಗುಣ ಅವುಗಳ ಪರಿಮಳದ ತೈಲದಲ್ಲಿದೆ. ಹೆಚ್ಚು ಕುದಿಸಿದರೆ ಅದು ಹಬೆಯೊಡನೆ ಹಾರಿಹೋಗುತ್ತದೆ. ಆದ್ದರಿಂದ ಮೊದಲು ಕಾಳು ಬೇರುಗಳನ್ನು ಕುದಿಸಿ, ಪಾತ್ರೆ ಇಳಿಸಿದ ಮೇಲೆ ಎಲೆ ಹಾಕಿ ಮುಚ್ಚಿಡಬೇಕು. ಸ್ವಲ್ಪ ಬೆಲ್ಲ ಸೇರಿಸಬಹುದು. ಜೇನಾದರೆ ಕಷಾಯ ಉಗುರುಬೆಚ್ಚಗಾದ ಮೇಲೆ ಬೆರೆಸಬೇಕು. ಜೇನನ್ನು ಕಾಯಿಸಬಾರದೆಂಬುದು ಆಯುರ್ವೇದದ ಕಟ್ಟಳೆ. ಮಕ್ಕಳ ರಾತ್ರಿ ಕೆಮ್ಮು ಜೇನಿನಿಂದ ಕೊಂಚ ತಗ್ಗುತ್ತದೆಂದು ಇಂದಿನ ಪರೀಕ್ಷೆಗಳೂ ಹೇಳುತ್ತವೆ. ಆದರೆ ಒಂದು ವರ್ಷ ತುಂಬದ ಕೂಸಿಗೆ ಜೇನನ್ನು ನೆಕ್ಕಿಸಲೇಬಾರದು. ಅದರಲ್ಲಿರಬಹುದಾದ ಒಂದು ಸೂಕ್ಷ್ಮಾಣು ಕೂಸಿನ ಕರುಳಿನಲ್ಲಿ ಬೆಳೆದು ನರಗಳನ್ನು ಸೋಲಿಸುವ ವಿಷವನ್ನು ಹುಟ್ಟಿಸುತ್ತದೆ.

ನಾನು ಕನ್ನಡದ ಅಧ್ಯಾಪಕ, ವೈದ್ಯನಲ್ಲ. ಆದ್ದರಿಂದ ಒಂದು ಶಬ್ದದ ಮಾತನ್ನು ಹೇಳುವೆ. ನಮ್ಮ 'ಮದ್ದು' ಎಂಬ ಪದಕ್ಕೆ ಔಷಧವೆಂಬ ಅರ್ಥ ಒಂದೇ ಅಲ್ಲ. ತೋಪಿಗೆ ತುಂಬುವುದೂ ಮದ್ದು. ಮದ್ದು ಹಾಕಿದರು ಎಂದರೆ ವಿಷವಿಕ್ಕಿದರೆಂದೂ ಅರ್ಥ. ವಿಷವೈದ್ಯವನ್ನೇ ವಿಷಯವಾಗಿ ಮಾಡಿಕೊಂಡು 14ನೆಯ ಶತಮಾನದಲ್ಲಿ ಮಂಗರಾಜನು 'ಖಗೇಂದ್ರಮಣಿದರ್ಪಣ'ವನ್ನು ರಚಿಸಿದ ನಾಡು ನಮ್ಮದು. ಶಕ್ತಿಯಿರುವ ವಸ್ತು ಅಳತೆ ತಪ್ಪಿದರೆ ಹಾನಿ ಮಾಡುತ್ತದೆ ಎಂಬುದನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು. ಗಿಡಮೂಲಿಕೆಯಿಂದ ಅಪಾಯವೇ ಇಲ್ಲ ಎಂಬ ಇಂದಿನ ಮಾತು ಅವರದಲ್ಲ, ಅಂಗಡಿಯವರದು.

ಕೆಲವು ನಿದರ್ಶನಗಳನ್ನು ನೋಡಿರಿ. ಆಡುಸೋಗೆಯ ಎಲೆಯಲ್ಲಿರುವ ವ್ಯಾಸಿಸೀನ್ ಎಂಬ ಸತ್ವದ ಜಾಡು ಹಿಡಿದೇ ಕಫ ಕರಗಿಸುವ ಬ್ರೋಮ್‌ಹೆಕ್ಸಿನ್ ಎಂಬ ಆಧುನಿಕ ಔಷಧ ಸಿದ್ಧವಾಯಿತು. ಅದೇ ಸತ್ವ ಗರ್ಭಕೋಶವನ್ನು ಸಂಕುಚಿಸಬಲ್ಲದು. ಆದ್ದರಿಂದ ಬಸುರಿಯರಿಗೆ ಆಡುಸೋಗೆ ಸಲ್ಲದು. ಜ್ಯೇಷ್ಠಮಧು ಗಂಟಲಿಗೆ ಹಿತ. ಆದರೆ ದಿನಗಟ್ಟಲೆ ಸೇವಿಸಿದರೆ ರಕ್ತದೊತ್ತಡವನ್ನು ಏರಿಸುತ್ತದೆ. ಕೂಸುಗಳಿಗೆ ಬಜೆ ತೇಯ್ದು ನೆಕ್ಕಿಸುವ ಪದ್ಧತಿ ನಮ್ಮ ಕಡೆ ಇದೆ. ಬಜೆಯಲ್ಲಿರುವ ಅಸರೋನ್ ಎಂಬ ಅಂಶ ಇಲಿಗಳಲ್ಲಿ ಅರ್ಬುದವನ್ನು ತಂದುದರಿಂದ, ಅದನ್ನು ಆಹಾರದಲ್ಲಿ ಬಳಸುವುದನ್ನು ಅಮೆರಿಕೆಯಲ್ಲಿ 1968ರಲ್ಲಿಯೇ ನಿಷೇಧಿಸಿದರು. ನೀಲಗಿರಿ ಎಣ್ಣೆ, ಕರ್ಪೂರಗಳು ಮಗುವಿನ ಹೊಟ್ಟೆಗೆ ಹೋದರೆ ಫಿಟ್ಸ್ ಬರಿಸಬಲ್ಲವು. ಅಮೃತಬಳ್ಳಿಯನ್ನು ಸೇವಿಸಿದ ಆರು ಮಂದಿಗೆ ಯಕೃತ್ತಿನ ಬಾಧೆಯಾದುದನ್ನು 2021ರಲ್ಲಿ ಮುಂಬಯಿಯ ವೈದ್ಯರು ವರದಿ ಮಾಡಿದರು. ಅದು ಅಮೃತಬಳ್ಳಿಯೇ, ಅದನ್ನು ಹೋಲುವ ಬೇರೆ ಬಳ್ಳಿಯೇ ಎಂದು ಆಯುಷ್ ಸಚಿವಾಲಯ ಆಕ್ಷೇಪಿಸಿತು. ವಾದ ಹೇಗೇ ಇರಲಿ, ಗುರುತಿಸಲಾಗದ ಬಳ್ಳಿಯನ್ನು ತಿಂಗಳುಗಟ್ಟಲೆ ಕುಡಿಯಬಾರದೆಂಬುದು ಎರಡೂ ಕಡೆಯಿಂದ ಸಿದ್ಧವಾಗುತ್ತದೆ. ಹಬೆ ತೆಗೆದುಕೊಳ್ಳುವುದರಿಂದ ಮೂಗಿಗೆ ಕ್ಷಣಕಾಲ ಸುಖವೆನಿಸಬಹುದು. ನೆಗಡಿ ಬೇಗ ವಾಸಿಯಾಗುವುದೆಂದು ಪರೀಕ್ಷೆಗಳಲ್ಲಿ ಸ್ಥಿರಪಟ್ಟಿಲ್ಲ. ಕುದಿನೀರಿನ ಪಾತ್ರೆ ಮಗುಚಿ ಮಕ್ಕಳು ಸುಟ್ಟುಕೊಂಡ ಪ್ರಸಂಗಗಳು ಮಾತ್ರ ಹಲವು.

ಇಷ್ಟೆಲ್ಲ ಹೇಳಿದರೂ ನನ್ನ ಮುಖ್ಯ ಮಾತು ಬೇರೆ ಇದೆ. ಅದನ್ನು ನಾನು ಕಲಿತದ್ದು ಚಚಡಿಯಲ್ಲಿ, ನಾವು ಆಯಿ ಎಂದು ಕರೆಯುತ್ತಿದ್ದ ನಮ್ಮ ಅಜ್ಜಿಯಿಂದ. ಆಕೆಗೆ ಅಕ್ಷರ ಬಾರದು. ಆಕೆಯ ತಗಡಿನ ಡಬ್ಬಿಯಲ್ಲಿ ಶುಂಠಿ, ಹಿಪ್ಪಲಿ, ಮೆಣಸು, ಅಜವಾನ, ಅರಿಶಿಣಕೊಂಬು ಎಲ್ಲವೂ ಇದ್ದವು. ಓಣಿಯ ಮಕ್ಕಳ ನೆಗಡಿಗೆಲ್ಲ ಆಕೆಯೇ ವೈದ್ಯೆ. ನನಗೆ ಒಂಬತ್ತು ವರ್ಷವಾಗಿದ್ದಾಗ ಎಳೆಯ ತಮ್ಮನಿಗೆ ಕೆಮ್ಮು ಜ್ವರಗಳು ಬಂದವು. ಆಯಿ ಎರಡು ದಿನ ಮದ್ದು ಕೊಟ್ಟಳು. ಮೂರನೆಯ ರಾತ್ರಿ ಕೂಸಿನ ಅಂಗಿ ಎತ್ತಿ, ಕಂದೀಲು ಹಿಡಿಸಿ ಎದೆಯನ್ನು ದಿಟ್ಟಿಸಿ ನೋಡಿದಳು. ಬಳಿಕ ನನ್ನ ತಂದೆಗೆ, "ಇದು ನನ್ನ ಡಬ್ಬಿಯೊಳಗಿನ ಮದ್ದಿಗೆ ಬಗ್ಗೂದಲ್ಲೋ ಯಪ್ಪಾ. ಪಕ್ಕಡಿ ಒಳಗ ಸೇದಾಕತ್ತಾವ. ಹೊತ್ತು ಮಾಡಬ್ಯಾಡ, ಚಕ್ಕಡಿ ಹೂಡು" ಎಂದಳು. ಆ ಚಳಿಯಲ್ಲಿಯೇ ಬೈಲಹೊಂಗಲಕ್ಕೆ ಹೋದರು. ವೈದ್ಯರು ಪೆನಿಸಿಲಿನ್ ಸೂಜಿ ಹಾಕಿದರು. ತಮ್ಮ ಬದುಕಿದ.

ಆಯಿ ಕಂಡುಹಿಡಿದದ್ದು ನ್ಯುಮೋನಿಯಾ. ಉಸಿರೆಳೆದಾಗ ಎದೆಯ ಕೆಳಭಾಗ ಒಳಗೆ ಸೇದುವುದನ್ನು ಇಂದು ವಿಶ್ವ ಆರೋಗ್ಯ ಸಂಸ್ಥೆಯೂ ಮಕ್ಕಳ ನ್ಯುಮೋನಿಯಾದ ಚಿಹ್ನೆಯೆಂದು ಹೇಳುತ್ತದೆ. ಉಸಿರಿನ ಲೆಕ್ಕವನ್ನೂ ಅದು ಕೊಟ್ಟಿದೆ: ಮಗು ಅಳದೆ ಶಾಂತವಾಗಿರುವಾಗ ಎಣಿಸಿದರೆ, ಎರಡು ತಿಂಗಳಿಂದ ಒಂದು ವರ್ಷದೊಳಗಿನ ಕೂಸಿಗೆ ನಿಮಿಷಕ್ಕೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದ ಮಗುವಿಗೆ 40 ಅಥವಾ ಹೆಚ್ಚು ಉಸಿರು ಕಂಡರೆ ತಡಮಾಡಬಾರದು. ಎರಡು ತಿಂಗಳೊಳಗಿನ ಹಸುಗೂಸಿಗೆ ಜ್ವರ ಬಂದರೆ ಎಣಿಸುತ್ತ ಕೂಡ್ರದೆ ನೇರವಾಗಿ ಆಸ್ಪತ್ರೆಗೆ ಒಯ್ಯಬೇಕು.

ಆಯಿಯ ವಿವೇಕದ ಬೆಲೆ ತಿಳಿಯಬೇಕಾದರೆ 1918ನ್ನು ನೆನೆಯಬೇಕು. ಆ ವರ್ಷದ ಜೂನ್ ತಿಂಗಳಲ್ಲಿ ಇನ್‌ಫ್ಲುಯೆಂಜಾ ಮುಂಬಯಿಗೆ ಬಂದಿಳಿಯಿತು. ನಮ್ಮ ಬೆಳಗಾವಿ ಜಿಲ್ಲೆ ಆಗ ಮುಂಬಯಿ ಪ್ರಾಂತಕ್ಕೇ ಸೇರಿತ್ತು. ಮಳೆಗಾಲ ಮುಗಿಯುವ ಹೊತ್ತಿಗೆ ಎರಡನೆಯ ಅಲೆ ಎದ್ದು, ಅವಿಭಜಿತ ಭಾರತದಲ್ಲಿ ಕೋಟಿಗೂ ಮಿಕ್ಕಿ ಜನ ಮಡಿದರು. ಅಂದು ಕಷಾಯಕ್ಕೆ ಕೊರತೆಯಿತ್ತೆ? ಇರಲಿಲ್ಲ. ಕೊರತೆಯಿದ್ದದ್ದು ಅದರ ಮೇರೆಯಾಚೆಗಿನ ಚಿಕಿತ್ಸೆಗೆ. ಸತ್ತವರಲ್ಲಿ ಬಹುಮಂದಿಯನ್ನು ಕೊಂದದ್ದು ಫ್ಲೂವಿನ ಬೆನ್ನಿಗೆ ಬಂದ ನ್ಯುಮೋನಿಯಾ. ಪೆನಿಸಿಲಿನ್ ಗೋಚರಿಸಲು ಇನ್ನೂ ಹತ್ತು ವರ್ಷ ಬೇಕಾಗಿದ್ದಿತು. ಆ ಕಾಲದವರಿಗೆ ಚಕ್ಕಡಿ ಹೂಡಿದರೂ ಹೋಗಲು ತಾಣವಿರಲಿಲ್ಲ. ನಮಗಿದೆ. ವೃದ್ಧರು, ಬಸುರಿಯರು, ಮಧುಮೇಹಿಗಳು, ಹೃದಯ ಶ್ವಾಸಕೋಶಗಳ ರೋಗವುಳ್ಳವರು ವರ್ಷಕ್ಕೊಮ್ಮೆ ಹಾಕಿಸಿಕೊಳ್ಳಬಹುದಾದ ಫ್ಲೂ ಲಸಿಕೆಯೂ ಇದೆ.

ಇಷ್ಟು ತಿಳಿದ ನಾನೇ ಎಡವಿದೆ ಎಂಬುದನ್ನು ನಾಚಿಕೆಯಿಂದ ಹೇಳುತ್ತೇನೆ. ನಿವೃತ್ತನಾದ ಎರಡನೆಯ ವರ್ಷ ಧಾರವಾಡದಲ್ಲಿ ನನಗೆ ಫ್ಲೂ ಬಂದಿತು. ಕಷಾಯ ಕುಡಿದೆ, ಮೂರನೆಯ ದಿನ ಜ್ವರ ಇಳಿಯಿತು. ಕಷಾಯವೇ ಗೆದ್ದಿತೆಂದು ಬೀಗಿದೆ. ಐದನೆಯ ದಿನ ಜ್ವರ ಮರಳಿ ಏರಿತು, ಎದೆಯಲ್ಲಿ ಚುಚ್ಚು ಹತ್ತಿತು. ಕಷಾಯದ ಪ್ರಮಾಣ ಹೆಚ್ಚಿಸಿ ಮತ್ತೆ ನಾಲ್ಕು ದಿನ ಕಳೆದೆ. ಕೊನೆಗೆ ನನ್ನಾಕೆ, "ನಿಮ್ಮ ಆಯಿ ಇದ್ದಿದ್ರ ನಿಮಗ ಎಂದೋ ಚಕ್ಕಡಿ ಹೂಡಿಸ್ತಿದ್ರು" ಎಂದು ರಿಕ್ಷಾ ತರಿಸಿದಳು. ಹತ್ತು ದಿನ ಆಸ್ಪತ್ರೆಯಲ್ಲಿ ಮಲಗಿ ಬಂದೆ. ಇಳಿದ ಜ್ವರ ಮರಳಿ ಏರುವುದು, ಎದೆನೋವು, ಏದುಸಿರು, ರಕ್ತ ಬೆರೆತ ಕಫ, ಮಾತಿನಲ್ಲಿ ಗೊಂದಲ, ಮೂತ್ರ ಕಡಿಮೆಯಾಗುವುದು ಇವು ಮನೆಮದ್ದಿನ ಮೇರೆ ಮುಗಿಯಿತೆಂದು ಸಾರುವ ಗುರುತುಗಳು.

ಕೇಳುಗರೆ, ಆಯಿಯ ಡಬ್ಬಿಯನ್ನು ನಾವು ಉಳಿಸಿಕೊಂಡಿದ್ದೇವೆ. ಕಂದೀಲು ಹಿಡಿದು ಕೂಸಿನ ಎದೆಯನ್ನು ನೋಡಿದ ಆಕೆಯ ಕಣ್ಣನ್ನು ಮರೆತಿದ್ದೇವೆ. ಮದ್ದು ಕೊಡುವುದು ಆಕೆಯ ವಿದ್ಯೆಯ ಅರ್ಧ. ಮದ್ದನ್ನು ನಿಲ್ಲಿಸುವ ಹೊತ್ತನ್ನು ಅರಿಯುವುದು ಉಳಿದರ್ಧ. ಈ ಹಂಗಾಮಿನಲ್ಲಿ ನಿಮ್ಮ ಮನೆಯಲ್ಲಿ ಕಷಾಯ ಕುದಿಯಲಿ. ಕುಡಿಸಿದ ಮೇಲೆ ರೋಗಿಯ ಬಳಿ ಕುಳಿತು ಅವರ ಉಸಿರನ್ನೂ ಒಂದಿಷ್ಟು ನೋಡಿರಿ.